ಹವಾಲ್ದಾರ್ ದ್ಯಾವಯ್ಯನವರ ರಸ್ತೆ

ಕೊಣನೂರು ಬಸ್ ನಿಲ್ದಾಣದಲ್ಲಿ ಅರಕಲಗೂಡಿನ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಕಲ್ಲುಬೆಂಚಿನಲ್ಲಿ ಕುಳಿತಿದ್ದ ಹೆಂಗಸಿನ ಹತ್ತಿರ ಒಬ್ಬರು ಬಂದು ನಿಂತರು. ಅವರ ಊರಿನ ಪಂಚಾಯ್ತಿ ಮೆಂಬರ್ ಎಂದು ಮಾತಿನಲ್ಲೇ ತಿಳಿಯಿತು.

"ಜವರಮ್ಮ, ನಿಮ್ಮೆಜಮಾನ್ರು ಮಿಲ್ಟ್ರಿ ಡ್ರೆಸ್ನಲ್ಲಿರೋ ಫೋಟೋ ಒಂದು ಬೇಕಿತ್ತು. ದೊಡ್ಡಬೀದಿಗೆ 'ಹವಾಲ್ದಾರ್ ದ್ಯಾವಯ್ಯನವರ ರಸ್ತೆ' ಅಂತ ಎಸ್ರು ಇಡ್ತಾ ಇದೀವಿ."

"ಯಾವ ಬೀದಿ ಮೆಂಬ್ರೇ? ಓದ್ ತಿಂಗ್ಳು ಅವರ ಎಣ ತಕ್ಕೊಂಡು ಓಗಕ್ಕೆ ಬುಡ್ದೇ ಇದ್ದ ಬೀದಿಗಾ?"

"ಗುಡಿ ಮುಂದೆ ನಿಮ್ಮ ಕೇರಿ ಎಣ ಓಗೋ ಪದ್ಧತಿ ಇಲ್ವಲ್ಲಮ್ಮ."

"ಎಣದ ಮೇಲೆ ಬಾವುಟ ಇತ್ತು. ಆಸ್ನದಿಂದ ಬಂದಿದ್ದ ಮಿಲ್ಟ್ರಿಯೋರು ಎಗಲು ಕೊಟ್ಟಿದ್ರು. ಅವ್ರನ್ನೂ ಗದ್ದೆ ಕೆಸ್ರಲ್ಲಿ ನಡೆಸಿದ್ರಲ್ಲ!"

"ಆಗಿದ್ದು ಆಗೋಯ್ತು ಬುಡಿ. ಈಗ ಊರೇ ಮರ್ಯಾದೆ ಕೊಡ್ತೈತೆ."

"ಇಪ್ಪತ್ನಾಕು ವರ್ಷ ದೇಶ ಕಾದ್ರು. ಮಂಜಲ್ಲಿ ಕಾಲಿನ ಮೂರು ಬೆಳ್ಳು ಕಳ್ಕೊಂಡ್ರು. ಊರಿಗೆ ಬಂದ್ಮೇಲೆ ನಿಮ್ಮ ಮಕ್ಳಿಗೆಲ್ಲ ದಿನಾ ಬೆಳಿಗ್ಗೆ ಓಡೋದು ಕಲ್ಸಿ ಪೊಲೀಸ್ ಕೆಲ್ಸಕ್ಕೆ ಸೇರ್ಸುದ್ರು. ನಿಮ್ಮ ಮಗನ್ನೂ ಸೇರ್ಸುದ್ರು. ಅವತ್ತು ಗುಡಿ ಮುಂದೆ ಅಡ್ಡ ನಿಂತೋನು ಅವ್ನೇ ಕಣ್ರೀ!"

ಮೆಂಬರ್ ಸುತ್ತ ನೋಡಿದರು.

"ಮೆತ್ತಗೆ ಮಾತಾಡಿ. ಭಾನುವಾರ ಫಂಕ್ಷನ್ನು, ಎಮ್ಮೆಲ್ಲೆ ಸಾಹೇಬ್ರು ಬತ್ತಾರೆ. ನೀವಿಲ್ದಿದ್ರೆ ಚೆನ್ನಾಗಿರಲ್ಲ."

"ಬತ್ತೀನಿ. ಮೈಕು ನನ್ ಕೈಗೆ ಕೊಡಿ. ಯಾರ್ಯಾರು ಅಡ್ಡ ನಿಂತ್ರು ಅಂತ ಒಬ್ಬೊಬ್ಬರ ಎಸ್ರೂ ಏಳ್ತೀನಿ."

ಬಸ್ಸು ಬಂತು. ಜವರಮ್ಮ ಹತ್ತಿದರು, ಹಿಂದೆಯೇ ನಾನೂ ಹತ್ತಿದೆ. ಬಸ್ಸು ಹೊರಡುವಾಗ ಮೆಂಬರ್ ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದರು: "ಭಾನುವಾರ ಬ್ಯಾಡ, ಮುಂದಕ್ಕಾಕಿ."