ನೆಟ್ಟ ಭರ್ಚಿಯ ಬಾಲ

ಒಂದು ಪಟ್ಟಣದಲ್ಲಿ ಅನುಕೂಲಸ್ಥಳಾದ ಒಬ್ಬ ತಾಯಿ ಇದ್ದಳು. ಕೆಟ್ಟವಳಲ್ಲ, ನಮ್ಮ ನಿಮ್ಮಂಥವಳೇ. ಮಗಳು ನೀಲಾಂಬಿಕಾ ಭರ್ಚಿ ಎಸೆತ ಕಲಿಯುತ್ತೇನೆ ಎಂದಾಗ ಅವತ್ತೇ ಹೊಸ ಭರ್ಚಿ ಕೊಡಿಸಿದಳು, ಮುಳ್ಳಿನ ಬೂಟು ಕೊಡಿಸಿದಳು.

ಶಾಲೆಯ ಆಟದ ಮಾಸ್ತರರು ಮೊದಲು ಏನು ಕಲಿಸಿದರು? ಎಸೆಯುವುದನ್ನೇ? ಅಲ್ಲ ನೋಡಿ. ಹಿಡಿಯುವುದನ್ನು. ಅಂಗೈ ಆಕಾಶ ನೋಡಬೇಕು, ದಾರ ಸುತ್ತಿದ ಹಿಡಿ ಅಂಗೈಯಲ್ಲಿ ಓರೆಯಾಗಿ ಕೂರಬೇಕು. ಆಮೇಲೆ ನಿಂತಲ್ಲೇ ನಿಂತು ಹತ್ತಿರಕ್ಕೆ ಎಸೆಯುವುದು. ಆಮೇಲೆ, ಎಸೆದದ್ದನ್ನು ಹೋಗಿ ತರುವುದು.

"ಒಗದ ಭರ್ಚಿ ತರಾಕ ಓಡಬಾರದವಾ. ನಡಕೋತ ಹೋಗು. ಬಾಜೂಕ ನಿಂತು, ಬಾಲ ಹಿಡಿದು, ಆಮ್ಯಾಲೆ ಕೀಳು."

ಯಾಕೆ ಹಾಗೆ ಪಕ್ಕಕ್ಕೇ ನಿಲ್ಲಬೇಕು? ನೆಲಕ್ಕೆ ಚುಚ್ಚಿಕೊಂಡ ಭರ್ಚಿ ಓರೆಯಾಗಿ ನಿಲ್ಲುತ್ತದೆ. ಅದರ ಬಾಲ ಎಸೆದವರ ಕಡೆಗೇ ಚಾಚಿರುತ್ತದೆ. ಎಸೆದ ಕಡೆಯಿಂದ ಬರುವವರಿಗೆ ಅದು ಬರಿಯ ಒಂದು ಚುಕ್ಕಿ. ಮೊನೆಗೆ ಎಲ್ಲರೂ ಹೆದರುತ್ತಾರೆ. ಬಾಲಕ್ಕೆ ಯಾರು ಹೆದರುತ್ತಾರೆ?

ತಾಯಿ ಒಂದು ಸಂಜೆ ನೋಡಲು ಬಂದಳು. ಮಗಳು ಮೈದಾನದಲ್ಲಿ ಮೆಲ್ಲಗೆ ನಡೆಯುತ್ತಿದ್ದಳು.

"ಏನ್ರೀ ಮಾಸ್ತರ, ಭರ್ಚಿ ಕಲಸ್ತೀರೋ, ಮದಲಗಿತ್ತಿ ನಡಿಗಿ ಕಲಸ್ತೀರೋ? ಬ್ಯಾರೆ ಸಾಲಿ ಹುಡುಗ್ಯಾರು ಆಗಲೇ ಮೆಡಲ್ ತಂದಾರ!"

"ಕಲೀತಾಳ್ರೀ ಅಕ್ಕಾರ. ತಡೀರಿ ಸ್ವಲ್ಪ."

ತಡೆಯುವುದು! ಅದೊಂದನ್ನು ಬಿಟ್ಟು ನಮ್ಮಿಂದ ಏನು ಬೇಕಾದರೂ ಆಗುತ್ತದೆ, ಅಲ್ಲವೇ?

ಭಾನುವಾರ ಮಾಸ್ತರರು ಇರಲಿಲ್ಲ. ತಾಯಿಯೇ ಮಗಳನ್ನು ಮೈದಾನಕ್ಕೆ ಕರೆತಂದಳು. "ಇವತ್ತು ಓಡಿಬಂದು ಜೋರಾಗಿ ಒಗಿ."

"ಮಾಸ್ತರು ಬೈತಾರವ್ವಾ."

"ಬೈಲಿ. ನಾ ಅದೀನಲ್ಲ?"

ಹುಡುಗಿ ಎಸೆದಳು. ಭರ್ಚಿ ಎಂದೂ ಹೋಗದಷ್ಟು ಮೇಲೆ ಹೋಯಿತು, ದೂರ ಹೋಗಿ ಮೊನೆಯೂರಿ ಓರೆಯಾಗಿ ನೆಲಕ್ಕೆ ನಾಟಿತು. ಅವಳು ತಿರುಗಿ ಅವ್ವನ ಮುಖ ನೋಡಿದಳು. ನಕ್ಕಳು. ಕಲಿತ ಹಾಗೆಯೇ ನಡೆಯತೊಡಗಿದಳು.

"ಓಡ! ಬಿಸಲೇರಾಕ್ಹತ್ತೇತಿ, ಇನ್ನೂ ಒಗಿಯೂದೈತಿ. ಓಡ!"

ಹುಡುಗಿ ಓಡಿದಳು. ಅವ್ವ ಹೇಳಿದಳು, ಓಡಿದಳು. ಭರ್ಚಿಯ ಹತ್ತಿರ ಮಣ್ಣಿನ ಹೆಂಟೆಯೊಂದನ್ನು ಎಡವಿ ಮುಂದಕ್ಕೆ ಮುಗ್ಗರಿಸಿದಳು.

ಬಲಗಣ್ಣು ಉಳಿಯಲಿಲ್ಲ.

ಆಸ್ಪತ್ರೆಯಲ್ಲಿ ಎಚ್ಚರವಾದಾಗ ಮಗು ಅಳಲಿಲ್ಲ, ದೂರಲಿಲ್ಲ. ಕೇಳಿದ್ದು ಒಂದೇ ಮಾತು: "ಅವ್ವಾ, ಎಷ್ಟು ದೂರ ಹೋಗಿತ್ತು?"

ತಾಯಿ ಅದನ್ನು ನೋಡಿರಲೇ ಇಲ್ಲ. ಕಣ್ಣೆದುರಿನ ಎಸೆತ ಬಿಟ್ಟು ಮುಂದಿನ ಎಸೆತದ ಮೇಲಿತ್ತು ಅವಳ ಮನಸ್ಸು.

ತಾಯಂದಿರೇ, ತಂದೆಯರೇ, ಅವಳಿಗೆ ಪ್ರೀತಿ ಇರಲಿಲ್ಲವೇ? ಇತ್ತು. ನಿಮಗಿದ್ದಷ್ಟೇ ಇತ್ತು. ಹೇಳಿ, ಇವತ್ತು ಬೆಳಗಿನಿಂದ ನಿಮ್ಮ ಮಗುವಿಗೆ ಎಷ್ಟು ಸಲ "ಬೇಗ, ಬೇಗ" ಅಂದಿದ್ದೀರಿ? ಅದು ಬರೆದ ಅಕ್ಷರವನ್ನು ಪೂರ್ತಿ ನೋಡುವ ಮೊದಲೇ ಪುಟ ತಿರುವಿ ಹಾಕಿಲ್ಲವೇ? ಕಲಿಸುವವರು ನಿಲ್ಲು ಎಂದಲ್ಲಿ ನೀವು ಓಡು ಎಂದಿಲ್ಲವೇ?

ನಾಳೆ ಬೆಳಿಗ್ಗೆ ಮಗು ಬೂಟಿನ ದಾರ ಕಟ್ಟಿಕೊಳ್ಳುತ್ತಾ ಕೂತಿರುತ್ತದೆ. ಗಂಟು ತಪ್ಪುತ್ತದೆ. ಬಿಚ್ಚಿ ಮತ್ತೆ ಕಟ್ಟುತ್ತದೆ. ಕಸಿದುಕೊಳ್ಳಬೇಡಿ. ಬಸ್ಸು ಹೋದರೆ ಹೋಗಲಿ. ಪಕ್ಕದಲ್ಲಿ ಕೂತು, ಆ ಗಂಟು ಬೀಳುವುದನ್ನು ಪೂರ್ತಿ ನೋಡಿ.