ಬೋರ್ಡಿನ ನಡುವಿನ ಗೆರೆ

ಬ್ಯಾಡಗಿಯ ಫ್ಲೆಕ್ಸ್ ಅಂಗಡಿಯಲ್ಲಿ ಸರದಿಗೆ ಕಾಯುತ್ತಿದ್ದ ಶಾಲಿನಿಯ ಕಿವಿ ಪಕ್ಕದ ಅತ್ತೆ ಸೊಸೆಯರ ಮಾತಿನತ್ತ ಹೊರಳಿತು. ಪರದೆಯ ಮೇಲೆ ಅವರ ಖಾರಪುಡಿಯ ಇಂಗ್ಲಿಷ್ ಬೋರ್ಡು ಮೂಡಿತ್ತು.

“ಐಶ್ವರ್ಯ, ‘ಹೋಮ್’ ಆದಮ್ಯಾಲೆ ಅದೇನ ಗೆರಿ?”

“ಹೈಫನ್ರಿ ಅತ್ತಿ. ‘ಹೋಮ್’, ‘ಮೇಡ್’ ಎರಡೂ ಕೂಡಿ ಪುಡಿ ಎಂಥಾದ್ದಂತ ಹೇಳ್ತಾವಲ್ರಿ, ಅದಕ್ಕ.”

“ತಗಸು. ಮನಿಗೆ ಗೆರಿ ಎಳದ್ರ ಪಾಲಾತು ಅಂತಾರ ಮಂದಿ. ನಿನ್ನ ನೆಗೆಣ್ಣಿ ಸುಚಿತ್ರಾ ಮೊದಲ ಬ್ಯಾರೆ ಒಲಿ ಕೇಳಾಕತ್ತಾಳ.”

“ಅಯ್ಯ, ಇದು ಬ್ಯಾರೆ ಮಾಡೂದಲ್ರಿ, ಎರಡನ್ನೂ ಹಿಡದು ಕೂಡಸೂದು.”

“ಖರೇನ?”

“ನಿಮ್ಮಾಣಿರಿ.”

ಅತ್ತೆ ಅಂಗಡಿಯವನತ್ತ ತಿರುಗಿದಳು.

“ಹಂಗಾರ ದಪ್ಪಗ ಹಾಕೋ ತಮ್ಮಾ. ಕೆಳಗ ಈ ಸೊಸಿ ಹೆಸರು, ಆ ಸೊಸಿ ಹೆಸರು ಅದಾವಲ್ಲ, ಅವುಗಳ ನಡುವೂ ಒಂದ ಹಾಕು. ಹರಕೊಂಡ ಹೋಗಬಾರದು ನೋಡು.”

ಹೊರಗೆ ಆಟೋದಲ್ಲಿ ಸುಚಿತ್ರಾ ಮುಖ ತಿರುಗಿಸಿ ಕೂತಿದ್ದಳು. ಐಶ್ವರ್ಯ ಆಚೆ ತುದಿಯಿಂದ ಹತ್ತಿದಳು. ಅತ್ತೆ ಇಬ್ಬರ ನಡುವೆ ತೂರಿಕೊಂಡು ಕೂತು, ಎರಡೂ ಕಡೆಯ ಕೈ ಹಿಡಿದುಕೊಂಡಳು.