ನಾಲ್ಕನೇ ಸಾಲಿಗೆ ಕೈಕೊಡುವ ನೆಟ್

...ಅದನ್ನೇ ತಾನೇ ಆಗಿನಿಂದ ಬಡ್ಕೋತಿರೋದು, ಗುಂಡ! ಆಫ್ ಮಾಡಿ ಆನ್ ಮಾಡಿದೆ. ಆನ್ ಮಾಡಿ ಆಫ್ ಮಾಡಿದೆ. ನೀನು ಹಿಂದಿನ ತೂತಿಗೆ ಪಿನ್ನು ಚುಚ್ಚು ಅಂದೆ, ಚುಚ್ಚಿದೆ. ಫ್ರಿಜ್ ಪಕ್ಕ ಬೇಡ ಅಂದೆ, ತಂದು ಕಿಟಕಿ ಮೇಲಿಟ್ಟೆ. ಇನ್ನೇನು, ಈ ರೂಟರನ್ನ ತೊಡೆ ಮೇಲೆ ಹಾಕ್ಕೊಂಡು ತಟ್ಟಿ ಮಲಗಿಸ್ಬೇಕಾ?

ನಗಬೇಡ! ಒಡಹುಟ್ಟಿದ ಅಕ್ಕನ ಪಾಡು ನೋಡಿ ಹಲ್ಲು ಕಿರಿಯೋ ತಮ್ಮ ಅಂದ್ರೆ ನೀನೊಬ್ಬನೇ.

ಏನದು, ಮೊಬೈಲಲ್ಲಿ ತೋರಿಸ್ತಿರೋದು? ಸ್ಪೀಡಾ? ಇರತ್ತೆ ಕಣೋ, ನೀನು ಬಂದಾಗೆಲ್ಲ ಇರತ್ತೆ! ಡಾಕ್ಟರ ಬಾಗಿಲಿಗೆ ಹೋದ ಕೂಡಲೇ ಹಲ್ಲುನೋವು ಮಾಯ ಆಗಲ್ವಾ, ಹಾಗೆ. ನೆಟ್ ಕಂಪನಿಯವನು ಬಂದಾಗಲೂ ಇದೇ ಕತೆ. ಹಸಿರು ದೀಪ ಉರಿಸ್ಕೊಂಡು ಸಾಧು ಪ್ರಾಣಿ ಥರ ಕೂತಿತ್ತು. "ಎಲ್ಲಾ ಸರಿಯಾಗಿದೆಯಲ್ಲ ಮೇಡಂ" ಅಂದ, ಒಂದು ಲೋಟ ನೀರು ಕುಡಿದ, ಹೊರಟೇ ಹೋದ. ಅವನು ಗೇಟು ದಾಟಿದ್ದೇ ತಡ, ನಾನು ಆನ್‌ಲೈನಲ್ಲಿ ಹಾಡಿನ ಪಾಠ ಶುರು ಮಾಡಿದೆ. ಢಮಾರ್!

ಯಾವಾಗ ಹೋಗತ್ತೆ ಅಂತ ಸರಿಯಾಗಿ ಹೇಳ್ಬೇಕಾ? ಹೇಳ್ತೀನಿ ಕೇಳು. ಬೇರೆ ಮಕ್ಕಳ ಪಾಠದಲ್ಲಿ ಹೋಗಲ್ಲ. ನಮ್ಮ ಪಿಂಟಿ ಇದಾಳಲ್ಲ, ಬರೋ ಭಾನುವಾರ ಸ್ಕೂಲ್ ಸ್ಟೇಜ್ ಮೇಲೆ ಒಬ್ಬಳೇ ಹಾಡ್ತಾಳಲ್ಲ, ಅವಳ ಪಾಠದಲ್ಲೇ. ಮೊದಲನೇ ಸಾಲು ಆಯ್ತು, ಎರಡಾಯ್ತು, ಮೂರಾಯ್ತು... ಬೆಣ್ಣೆ ಥರ. ನಾಲ್ಕನೇ ಸಾಲಲ್ಲಿ ದನಿ ಮೇಲಕ್ಕೆ ಏರ್ಬೇಕಲ್ಲ, ಅಲ್ಲಿಗೆ ಬಂತು ಅನ್ನು... ಠಪ್! ಆ ಮಗು ಪರದೆ ಮೇಲೆ ಬಾಯಿ ತೆರ್ಕೊಂಡು ಹಾಗೇ ನಿಂತುಬಿಡತ್ತೆ.

ಯಾಕೋ ಹುಬ್ಬೇರಿಸ್ತೀಯಾ? ನನಗನ್ಸತ್ತೆ... ಮೇಲಿನ ಸ್ವರಕ್ಕೆ ನೆಟ್ ಸ್ವಲ್ಪ ಜಾಸ್ತಿ ಬೇಕೇನೋ ಅಂತ. ಬೇಡ್ವಾ? ಎಲ್ಲಾ ಸ್ವರಕ್ಕೂ ಒಂದೇನಾ? ಸರಿ ಬಿಡಪ್ಪ. ಹಾಗಾದ್ರೆ ಮೇಲಿನ ಮನೆಯವರ ಮಿಕ್ಸಿ? ಅದೂ ಅಲ್ವಾ? ಮತ್ತೆ ಯಾವುದೋ ಹಾಳಾದ್ದು? ನಾನೇನು ಸುಳ್ಳು ಹೇಳ್ತಿದೀನಾ?

ನಿನಗೇನು ಗೊತ್ತು ನನ್ನ ಸಂಕಟ. ನಿನ್ನೆ ಪಿಂಟಿ ಅಮ್ಮ ಫೋನ್ ಮಾಡಿದ್ಲು. "ತಪ್ಪು ತಿಳ್ಕೋಬೇಡಿ ಟೀಚರ್, ನೆಟ್ ಹೀಗೇ ಆದ್ರೆ ನಾವು ಹತ್ತಿರದಲ್ಲೇ ಯಾರನ್ನಾದ್ರೂ ನೋಡ್ಕೋತೀವಿ." ನೋಡ್ಕೋತಾರಂತೆ! ಬಂದ ಹೊಸದ್ರಲ್ಲಿ ಬಾಯೇ ಬಿಡ್ತಿರ್ಲಿಲ್ಲ ಕಣೋ ಆ ಮಗು. ಎತ್ತಿ ಆಡಿಸಿ ಬೆಳೆಸಿದ ಹಾಗೆ ಒಂದೊಂದೇ ಸ್ವರ ಕೂಡಿಸಿದೀನಿ ಅವಳಿಗೆ. ಈಗ ಇನ್ಯಾರೋ ಬಂದು ನಾಲ್ಕನೇ ಸಾಲು ಹೇಳ್ಕೊಡ್ಬೇಕಾ? ಹೊಟ್ಟೆ ಉರಿಯಲ್ವೇನೋ?

ಲೋ... ಆ ವೈರು ಯಾಕೆ ಹಿಡ್ಕೊಂಡೆ? ಬಿಡು. ರೂಟರ್ ಇರೋದು ಕಿಟಕಿ ಮೇಲೆ, ಅಲ್ಲಿ ನೋಡು. ಅಯ್ಯೋ, ಮಂಡಿ ಊರಬೇಡ್ವೋ, ಪ್ಯಾಂಟೆಲ್ಲ ಧೂಳಾಗತ್ತೆ... ಹೌದು, ಕಿಟಕಿ ಪಕ್ಕದಲ್ಲೇ ಪ್ಲಗ್ ಇದೆ. ನನಗೂ ಕಣ್ಣಿದೆ. ಮೊದಲು ಅಲ್ಲಿಗೇ ಹಾಕಿದ್ದೆ. ಆಮೇಲೆ ಈ ಉದ್ದ ವೈರಿನ ಬೋರ್ಡ್ ತಂದೆ. ಯಾಕೆ ಅಂದ್ರೆ... ಯಾಕೋ ತಂದೆ. ಅದು ನನ್ನ ಕುರ್ಚಿ ಕೆಳಗೆ ಬಂತು. ಬಂದ್ರೇನಾಯ್ತು? ಎಲ್ಲೋ ಒಂದು ಕಡೆ ಬಿದ್ದಿರ್ಬೇಕಲ್ಲ ಅದು!



ಗುಂಡ... ಬೋರ್ಡ್ ನೋಡೋದು ಬಿಟ್ಟು ನನ್ನ ಕಾಲು ಯಾಕೋ ನೋಡ್ತಿದೀಯಾ?

ಬೇಕಾದ್ರೆ ಬೈಯಿ. ಆಗ್ಲೇ ಅಷ್ಟು ನಗ್ತಿದ್ಯಲ್ಲ, ನಗು...

ಕಾಲ ಹೆಬ್ಬೆರಳಲ್ಲಿ ಸ್ವಿಚ್ ಹೀಗೆ ಒತ್ತಿದ್ರೆ ಆಯ್ತು. ಪಿಂಟಿಗೆ ಗೊತ್ತೇ ಆಗಲ್ಲ.

ಹೊರಡಲ್ಲ ಕಣೋ ಆ ಮೇಲಿನ ಸ್ವರ. ಆ ಕೆಟ್ಟ ಜ್ವರ ಬಂದು ಹೋಯ್ತಲ್ಲ, ಆವತ್ತಿಂದ. ಕೆಳಗೆಲ್ಲ ಚೆನ್ನಾಗೇ ಇದೆ. ಮೇಲೆ ಹೋದ್ರೆ ಸೀಳತ್ತೆ. ದಿನಾ ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು, ಯಾರಿಗೂ ಕೇಳದ ಹಾಗೆ ಹಾಡಿ ನೋಡ್ತೀನಿ. ದಿನಾ ಸೀಳತ್ತೆ. ನಾನು ಹಾಡುವಾಗ ಆ ಮಗು ಕಣ್ಣು ಮುಚ್ಕೊಂಡು ಕೇಳತ್ತೆ ಗುಂಡ. ಅವಳ ಕಿವಿಗೆ ಅದನ್ನ ಹೇಗೆ ಹಾಕ್ಲಿ? ನಾಚಿಕೆ ಆಗತ್ತೆ ನನಗೆ.

ಏಯ್! ಯಾಕೋ ಕಿತ್ತೆ? ಗೋಡೆ ಪ್ಲಗ್ಗಿಗೇ ಹಾಕಿಬಿಟ್ಯಾ? ಬೇಡ್ವೋ, ಇವತ್ತೊಂದು ದಿನ... ಇನ್ನೇನು ಅವಳು ಬರೋ ಹೊತ್ತು... ದೀಪ ಕೆಂಪು... ಇನ್ನೂ ಕೆಂಪೇ... ಹಾಗೇ ಇರ್ಲಪ್ಪ... ಥೂ, ಹಸಿರಾಯ್ತು.

ಬಂದೇ ಬಿಟ್ಲು ನೋಡು. ಆ ಕುರ್ಚಿ ಇತ್ಲಾಗೆ ತಳ್ಳು. ನೀರು... ನೀರು ಕೊಡೋ.

ಹಾಂ ಪಿಂಟಿ, ಕಾಣಿಸ್ತಿದೀಯ ಪುಟ್ಟ. ಇಲ್ಲ, ಇವತ್ತು ಹೋಗಲ್ಲ. ನನ್ನ ತಮ್ಮ ಬಂದಿದಾನೆ, ಸರಿ ಮಾಡಿದಾನೆ. ಮೂರು ಸಾಲು ಬಂದಿದೆಯಲ್ಲ, ನೇರ ನಾಲ್ಕನೇದಕ್ಕೇ ಹೋಗೋಣ. ಮೊದಲು ನಾನು ಹೇಳ್ತೀನಿ, ಕೇಳು... ಗುಂಡ, ನೀನು ಆ ಕಡೆ ತಿರುಗು... ಆ... ಆ ಆ...

ಏನು ಪುಟ್ಟ? ನೆಟ್ ಹೋಯ್ತಾ ಅಂದ್ಯಾ?

ಇಲ್ಲ ಕಂದ. ನೆಟ್ ಸರಿಯಾಗೇ ಇದೆ. ಅದು ನನ್ನ ಗಂಟಲು. ನೀನು ಹಾಡು.